ನಕ್ಕ ಮೇಲೆ ಎಳೆಯುವ ಗೆರೆ

ಹಲ್ಲು ಕಟ್ಟುವ ಕೆಲಸ ಕಲಿಯುತ್ತಿರುವ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಹಳೆಯ ಮನುಷ್ಯ, ಏನಾದರೂ ಗುಟ್ಟು ಹೇಳಿಯಾನು ಎಂಬ ಆಸೆ ಅವರಿಗೆ. ಕೇಳುವುದೆಲ್ಲ ಪುಡಿಯ ಮಾತು, ಯಂತ್ರದ ಮಾತು. ಯಾವ ಪುಡಿ ಕಲಸಿದರೆ ಹಲ್ಲಿನ ಸೆಟ್ಟಿನಲ್ಲಿ ಗುಳ್ಳೆ ಏಳುವುದಿಲ್ಲ, ಎಷ್ಟು ಕುದಿಸಿದರೆ ಬಣ್ಣ ಕೆಡುವುದಿಲ್ಲ, ಇಂಥವು. ಗೊತ್ತಿದ್ದಷ್ಟು ಹೇಳಿ ಕೊನೆಗೆ ನಾನೇ ಒಂದು ಮಾತು ಕೇಳುತ್ತೇನೆ: "ನಗುವಿನ ಗೆರಿ ಹ್ಯಾಂಗ ಎಳೀತೀರಿ?" "ನಗ್ರಿ ಅಂತೇವಿ, ನಗತಾರ, ಎಳೀತೇವಿ" ಎನ್ನುತ್ತಾರೆ. ಅಲ್ಲಿಗೆ ನನಗೆ ರೇಗುತ್ತದೆ. ನಗ್ರಿ ಅಂದ ಕೂಡಲೇ ನಗುವುದು ಫೋಟೋ ತೆಗೆಸಿಕೊಳ್ಳುವವರ ಕೆಲಸ. ಅದಕ್ಕೇ ಇದನ್ನು ಬರೆಯಲು ಕುಳಿತೆ. ಪುಡಿಯ ವಿಷಯ ಪುಸ್ತಕದಲ್ಲಿದೆ, ಓದಿಕೊಳ್ಳಿ.

ಗೆರೆ ಅಂದರೇನು ಎಂಬುದನ್ನು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಬಾಯಲ್ಲಿ ಒಂದೂ ಹಲ್ಲಿಲ್ಲದವರಿಗೆ ಸೆಟ್ ಮಾಡುವಾಗ ಮೊದಲು ಬರೀ ಒಸಡಿನ ಅಚ್ಚು ತೆಗೆಯುತ್ತೇವೆ. ಆ ಅಚ್ಚಿಗೆ ಹೊಂದುವಂತೆ ಮೇಣದ ಒಂದು ದಿಂಡು ಮಾಡಿ ಬಾಯೊಳಗೆ ಕೂಡಿಸುತ್ತೇವೆ. ಆಮೇಲೆ ಅವರು ನಗಬೇಕು. ನಕ್ಕಾಗ ಮೇಲಿನ ತುಟಿ ಎಲ್ಲಿಯವರೆಗೆ ಏರುತ್ತದೋ ಅಲ್ಲಿ ಮೇಣದ ಮೇಲೆ ಚಾಕುವಿನಿಂದ ಒಂದು ಗೆರೆ. ಗೆರೆಯ ಕೆಳಗೆ ಹಲ್ಲು, ಮೇಲೆ ಕೆಂಪು ಒಸಡು. ನಗು ಖರೆ ಇದ್ದರೆ ಗೆರೆಯೂ ಖರೆ. ಮುಲಾಜಿಗೆ ನಕ್ಕ ನಗುವಿಗೆ ಗೆರೆ ಎಳೆದರೆ, ಮುಂದೆ ಎಂದಾದರೂ ಆ ಮನುಷ್ಯ ಮನಸಾರೆ ನಕ್ಕಾಗ ಹಲ್ಲಿನ ಮೇಲಿನ ಕೆಂಪೆಲ್ಲ ಹೊರಗೆ ಬಿದ್ದು ಎದುರಿಗಿದ್ದವರು ಹೌಹಾರುತ್ತಾರೆ.

ಇದನ್ನು ನನಗೆ ಕಲಿಸಿದವರು ಕಾಂಬಳೆ ಕಾಕಾ. ಬೈಲಹೊಂಗಲದ ಬಸ್ ನಿಲ್ದಾಣದ ಹತ್ತಿರ, ಅರಳೆ ವ್ಯಾಪಾರಿಯೊಬ್ಬರ ಅಂಗಡಿಯ ಅಟ್ಟದ ಮೇಲೆ ಅವರ ಜಾಗ. ಕ್ಷೌರದಂಗಡಿಯವರಿಂದ ಕೊಂಡ ಒಂದು ಹಳೆಯ ಕುರ್ಚಿ, ಅದರ ಸುತ್ತ ಹಸಿರು ಪರದೆ, ಗೋಡೆಗೆ ಬುದ್ಧನ ಪಟ, ಅದರ ಕೆಳಗೆ ಕನ್ನಡಿ. ಕಾಕಾ ಬೌದ್ಧರು. ಪುಣೆಯ ಮಿಲಿಟರಿ ದವಾಖಾನೆಯಲ್ಲಿ ಈ ಕೆಲಸ ಕಲಿತು ಊರ ಕಡೆ ಬಂದಿದ್ದರು. ಹಲ್ಲು ಕೀಳುವ ಡಾಕ್ಟರು ಬೇರೆ, ಬೆಳಗಾವಿಯಿಂದ ವಾರಕ್ಕೊಮ್ಮೆ ಬರುತ್ತಿದ್ದರು. ಕಿತ್ತ ಮೇಲಿನದೆಲ್ಲ ನಮ್ಮದು. ಉಳಿದ ದಿನ ಒಂದು ತಗಡಿನ ಟ್ರಂಕು ಹೊತ್ತುಕೊಂಡು ಕಿತ್ತೂರು, ಸವದತ್ತಿ, ರಾಮದುರ್ಗದ ಸಂತೆಗಳಿಗೆ ಬಸ್ಸು ಹತ್ತುತ್ತಿದ್ದೆವು.

ನಾನು ತೊರಗಲ್ಲಿನ ಪೌರೋಹಿತ್ಯದ ಮನೆಯ ಹುಡುಗ. ಅಪ್ಪ ಭೀಮಭಟ್ಟರು ಸುತ್ತಲಿನ ಹಳ್ಳಿಗಳಲ್ಲಿ ಪೂಜೆ ಮಾಡಿಸುತ್ತಿದ್ದರು, ಮಳೆಗಾಲದಲ್ಲಿ ಪುರಾಣ ಹೇಳುತ್ತಿದ್ದರು. ಎಪ್ಪತ್ತರ ದಶಕ ಆಗಷ್ಟೇ ಸುರುವಾಗಿತ್ತು. ಅರಳೆ ಗಿರಣಿಯಲ್ಲಿ ಕಾರಕೂನಿಕೆ ಸಿಗಬಹುದೆಂದು ಬೈಲಹೊಂಗಲಕ್ಕೆ ಬಂದೆ. ಕೆಲಸ ಸಿಗಲಿಲ್ಲ, ಹಲ್ಲುನೋವು ಸಿಕ್ಕಿತು. ಡಾಕ್ಟರ ದಾರಿ ಕಾಯುತ್ತ ಆ ಅಟ್ಟದ ಮೇಲೆ ಕೂತಿದ್ದಾಗ ಕಾಕಾ ಮೇಣ ಕೆತ್ತುವುದನ್ನು ನೋಡಿದೆ. ಗುಡಿಯ ಕೆತ್ತನೆ ನೋಡಿ ಬೆಳೆದವನಿಗೆ ಆ ಕೈ ಕಂಡು ಮರುಳು ಹಿಡಿಯಿತು. ನಾಳೆಯಿಂದ ಬರಲೇ ಎಂದು ಕೇಳಿದೆ. ಕಾಕಾ ನನ್ನ ಹೆಸರು ಕೇಳಿ, ಮನೆತನ ಕೇಳಿ, "ನಿಮ್ಮ ಮನ್ಯಾಗ ಗದ್ದಲಾಗತೈತಿ ನೋಡಪಾ ವಾಸು. ವಿಚಾರ ಮಾಡಿ ಬಾ" ಎಂದರು. ಇಪ್ಪತ್ತೆರಡು ವರ್ಷದವನು ವಿಚಾರವನ್ನೇನು ಮಾಡಿಯಾನು?

ಗದ್ದಲವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಅಪ್ಪ ಒಂದು ದಿನ ತಿಳಿಸದೆ ಅಂಗಡಿಗೆ ಬಂದರು. ನಾನು ಆಗ ಗಿರಾಕಿಯ ಬಾಯಿಂದ ತೆಗೆದ ಅಚ್ಚನ್ನು, ಜೊಲ್ಲು ಸೋರುತ್ತಿದ್ದಂತೆಯೇ, ನಳದ ಕೆಳಗೆ ಹಿಡಿದು ತೊಳೆಯುತ್ತಿದ್ದೆ. ಬಾಗಿಲಲ್ಲಿ ನಿಂತು ಅದನ್ನು ನೋಡಿದರು. "ಮಂದಿ ಎಂಜಲ ತೊಳೀಲಿಕ್ಕೆ ಹತ್ತೀ ಏನೋ?" ಎಂದರು. ನಾನು ನಳ ನಿಲ್ಲಿಸುವಷ್ಟರಲ್ಲಿ ಮೆಟ್ಟಿಲಿಳಿದು ಹೋಗಿದ್ದರು.

ಮುಂದೆ ಎಷ್ಟೋ ವರ್ಷ ಅವರು ನನ್ನ ಕೂಡ ನೇರವಾಗಿ ಮಾತಾಡಲಿಲ್ಲ. ಹಬ್ಬಕ್ಕೆ ಊರಿಗೆ ಹೋದರೆ ನನ್ನ ಎಲೆ ಪಡಸಾಲೆಯಲ್ಲಿ. ಒಳಗೆ ಅಪ್ಪ, ತಮ್ಮಂದಿರು ಸಾಲಾಗಿ ಕೂತಿರುತ್ತಿದ್ದರು. ಅವ್ವ ಒಳಗೂ ಹೊರಗೂ ಓಡಾಡಿ ಬಡಿಸುತ್ತಿದ್ದಳು. "ಅವಗ ಹೇಳು, ಬಾವಿ ಹತ್ರ ಹೋಗಬ್ಯಾಡ ಅಂತ" ಎಂದು ಅಪ್ಪ ಅವ್ವನಿಗೆ ಹೇಳುವುದು ನನಗೆ ಗೋಡೆಯ ಈಚೆಗೆ ಕೇಳುತ್ತಿತ್ತು. ಅವರ ಚಿಂತೆಗೂ ಕಾರಣವಿತ್ತೆನ್ನಿ. ಭಟ್ಟರ ಮಗ ಎಂಜಲು ತೊಳೆಯುತ್ತಾನೆ ಎಂದು ಊರಲ್ಲಿ ಮಾತು ಹುಟ್ಟಿ ಒಂದೆರಡು ಮನೆಯವರು ಪೂಜೆಗೆ ಬೇರೆಯವರನ್ನು ಕರೆದಿದ್ದರು. ಅದು ನನಗೆ ತಿಳಿದಿತ್ತು. ತಿಳಿದರೂ ಪಡಸಾಲೆಯಲ್ಲಿ ಒಬ್ಬನೇ ಕೂತಾಗ ಅನ್ನ ಇಳಿಯುತ್ತಿರಲಿಲ್ಲ.

ಇರಲಿ, ಕೆಲಸದ ಮಾತಿಗೆ ಬರುತ್ತೇನೆ.

ನಗಿಸುವುದಕ್ಕೆ ಕಾಂಬಳೆ ಕಾಕಾ ಚಾಷ್ಟಿ, ಅಂದರೆ ತಮಾಷೆ, ಮಾಡುತ್ತಿರಲಿಲ್ಲ. ಅವರದು ಒಂದೇ ಪ್ರಶ್ನೆ. ಮೇಣದ ದಿಂಡನ್ನು ಬಾಯಲ್ಲಿ ಕೂಡಿಸಿ, ಚಾಕು ಕೈಯಲ್ಲಿ ಹಿಡಿದು, ಎಷ್ಟೋ ವರ್ಷದ ಪರಿಚಯದವರಂತೆ ಕೇಳುವರು: "ಇಪ್ಪತ್ತು ಮೂವತ್ತು ವರ್ಷದ ಹಿಂದ ಯಾ ಚಿಂತಿಗೆ ನಿದ್ದಿಗೆಟ್ಟಿದ್ರಿ, ನೆನಪೈತೇನ್ರಿ?" ದಿಂಡು ಬಾಯಲ್ಲಿದ್ದರೂ ತೊದಲುತ್ತ ಮಾತಾಡಬಹುದು. ಅವರು ಮಾತಾಡುತ್ತಿದ್ದಂತೆ ಕಾಕಾ ತುಟಿಯನ್ನೇ ನೋಡುತ್ತಿದ್ದರು.

ನಾನು ಮೊದಲು ಕಂಡದ್ದು ರಾಮದುರ್ಗದ ಒಬ್ಬ ಮುದುಕ ನೇಕಾರರನ್ನು. ಪ್ರಶ್ನೆ ಕೇಳಿ ಅವರು ಮೇಲೆ ನೋಡಿದರು, ಕೆಳಗೆ ನೋಡಿದರು. "ಗ್ವಾಡೀದ್ರಿ" ಎಂದರು. "ನಮ್ಮ ತಮ್ಮ ಮನಿ ನಡುವ ಗ್ವಾಡಿ ಹಾಕಿದ. ಒಂದು ಗೇಣು ನನ್ನ ಕಡೆ ಸರದು ಹಾಕಿದ. ಆ ಒಂದು ಗೇಣಿನ ಸಲುವಾಗಿ ನಾನು ಮಗ್ಗದ ಮುಂದ ಕುಂತ್ರೂ ಅದ, ಮಲಗಿದ್ರೂ ಅದ. ಕೋರ್ಟಿಗೆ ಹೊಕ್ಕೇನಿ ಅಂತಿದ್ದೆ." "ಆಮ್ಯಾಲೇನಾತ್ರಿ?" "ಏನಾಗತೈತಿ? ಇಬ್ರೂ ಮುದುಕ್ರಾದ್ವಿ. ಹೋದ ಮಳಿಗಾಲದಾಗ ಗ್ವಾಡಿ ತಾನ ಬಿತ್ತು. ಕಟ್ಟಾಕ ಅವಗೂ ಬ್ಯಾಸರ, ನನಗೂ ಬ್ಯಾಸರ. ಈಗ ಅವನ ಕ್ವಾಳಿ ನಮ್ಮ ಮನ್ಯಾಗ ತತ್ತಿ ಇಡತೈತ್ರಿ, ನಾನು ಸುಮ್ನ ತಿಂದು ಬಿಡತೇನಿ!" ಹೇಳಿ ಮುಗಿಸುವಷ್ಟರಲ್ಲಿ ಅವರ ಹೊಟ್ಟೆ ಕುಣಿಯುತ್ತಿತ್ತು. ಕಾಕಾ ಆ ಗಳಿಗೆಯಲ್ಲಿ ಗೆರೆ ಎಳೆದುಬಿಟ್ಟರು.

ಸಿರಸಂಗಿಯಿಂದ ಬಂದ ಒಬ್ಬ ಅಜ್ಜಿಯನ್ನು ನಾನು ಮರೆಯುವ ಹಾಗಿಲ್ಲ. ಹಲ್ಲಿನ ಮಾದರಿ ತೋರಿಸಿದರೆ ಅವಳು ಬೇಡವೇ ಬೇಡ ಎಂದಳು. ಜೀವಮಾನವೆಲ್ಲ ತಂಬಾಕು ಸುಟ್ಟ ಪುಡಿಯಲ್ಲಿ, ನಮ್ಮ ಕಡೆ ಮಿಶರಿ ಎನ್ನುತ್ತಾರೆ, ಹಲ್ಲು ತಿಕ್ಕಿದವಳು. "ಇಷ್ಟು ಬೆಳ್ಳನ ಹಲ್ಲು ಹಾಕ್ಕೊಂಡು ಹೊಲಕ್ಕ ಹ್ವಾದ್ರ ಮುದುಕಿ ಮತ್ತ ಮದುವಿಗೆ ನಿಂತಾಳು ಅಂತಾರ. ಕರೇವು ಮಾಡಿ ಕೊಡೋ ತಮ್ಮಾ" ಎಂದು ಹಟ ಹಿಡಿದಳು. ಕರೀ ಹಲ್ಲು ಯಾವ ಕಂಪನಿಯೂ ಮಾಡುವುದಿಲ್ಲವಲ್ಲ. ಕಾಕಾ ಹಲ್ಲಿನ ಸಂದುಗಳಲ್ಲಿ ಕಂದು ಬಣ್ಣ ತುಂಬಿ ಹೇಗೋ ಅವಳನ್ನು ಒಪ್ಪಿಸಿದರು. ಪ್ರಶ್ನೆ ಕೇಳುವ ಮೊದಲೇ ಅವಳು ನಗುತ್ತಿದ್ದಳು. ನನಗೆ ತಡೆಯಲಾಗದೆ, "ಅಜ್ಜಿ, ನಿನಗ ಹಿಂಗ ನಗು ಎಲ್ಲಿಂದ ಬರತದ?" ಎಂದು ಕೇಳಿದೆ. "ಸಣ್ಣಾಕಿ ಇದ್ದಾಗ ಊರೆಲ್ಲಾ ನನ್ನ ನೋಡತಿತ್ತಪಾ. ಸೆರಗು ನೋಡಾವ್ರು, ನಡಿಗಿ ನೋಡಾವ್ರು. ಈಗ ನನ್ನ ಯಾರೂ ನೋಡೂದಿಲ್ಲ. ಹಂಗಾಗಿ ನಾನ ಊರೆಲ್ಲಾ ನೋಡತೇನಿ. ಭಾಳ ಮಜಾ ಐತಿ" ಎಂದಳು.

ಹೀಗೆ ಎಷ್ಟು ಮಂದಿ! ಒಬ್ಬರು ಹೇಳುತ್ತಿದ್ದರು, ತಮ್ಮ ಓರಗೆಯವರೆಲ್ಲ ಹೋದದ್ದರಿಂದ ಇನ್ನು ಯಾರ ಕೂಡ ಪೈಪೋಟಿ ಮಾಡುವುದು ಉಳಿದಿಲ್ಲವಂತೆ. ಇನ್ನೊಬ್ಬರು ಕರೆದ ಮದುವೆಗೆಲ್ಲ ಹೋಗುವುದನ್ನು ಬಿಟ್ಟು, ಮನಸ್ಸು ಕೂಡುವವರ ಮನೆಗೆ ಮಾತ್ರ ಹೋಗುತ್ತಿದ್ದರು. ಬಹಳ ಮಂದಿಗೆ ನಿದ್ದೆಗೆಡಿಸಿದ ಚಿಂತೆ ಯಾವುದೆಂಬುದೇ ನೆನಪಿರುತ್ತಿರಲಿಲ್ಲ, ನೆನಪಿಲ್ಲವೆಂಬುದಕ್ಕೇ ಅವರು ನಗುತ್ತಿದ್ದರು. ನಾನು ಪರದೆಯ ಬದಿಯಲ್ಲಿ ಮೇಣ ಕಾಸುತ್ತ ಈ ಮುಖಗಳನ್ನು ನೋಡುತ್ತಿದ್ದೆ. ಪ್ರತಿ ಸಲವೂ ಮನಸ್ಸು ಒಂದೇ ಕಡೆ ಓಡುತ್ತಿತ್ತು. ನನ್ನ ಅಪ್ಪ ನಗುವುದನ್ನು ನಾನು ನೋಡಿಯೇ ಇರಲಿಲ್ಲ. ಅವರ ಹಲ್ಲುಗಳೂ ಅಲುಗಾಡತೊಡಗಿವೆ ಎಂದು ಅವ್ವ ಹೇಳಿದ್ದಳು. ಒಂದು ದಿನ ಅವರು ಈ ಕುರ್ಚಿಯಲ್ಲಿ ಕೂತು ಹೀಗೆ ನಕ್ಕರೆ, ನಾನು ಎದುರಿಗೆ ನಿಂತು ನೋಡಿದರೆ, ಎಂದು ಹಂಬಲಿಸುತ್ತಿದ್ದೆ. ಆ ದಿನಗಳಲ್ಲಿ ನನಗೆ ಬೇಕಾಗಿದ್ದುದು ಅದೊಂದೇ.

ತೊಡಕು ಇದ್ದದ್ದು ನಡುವಯಸ್ಸಿನವರದು. ನಲವತ್ತೈದು, ಐವತ್ತಕ್ಕೇ ಒಸಡಿನ ರೋಗದಿಂದ ಹಲ್ಲೆಲ್ಲ ಕಳೆದುಕೊಂಡವರು ಬರುತ್ತಿದ್ದರಲ್ಲ, ಅವರ ಮುಂದೆ ಕಾಕಾನ ಪ್ರಶ್ನೆ ನಡೆಯುತ್ತಿರಲಿಲ್ಲ. ಹಳೆಯ ಚಿಂತೆ ಕೇಳಿದರೆ ಅವರ ಮುಖ ಇನ್ನಷ್ಟು ಗಂಟಿಕ್ಕುತ್ತಿತ್ತು. ಆ ಚಿಂತೆ ಅವರಿಗೆ ಇನ್ನೂ ನಡೆದೇ ಇರುತ್ತಿತ್ತು.

ಸವದತ್ತಿಯ ಒಂದು ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದ ಪಾಟೀಲರು ಅಂಥವರು. ಐವತ್ತರ ಆಸುಪಾಸು. ಅವರ ನೆರಳು ಕಂಡರೆ ಸಿಪಾಯಿಗಳು ಬೀಡಿ ಆರಿಸುತ್ತಿದ್ದರಂತೆ. ಆ ದಿನ ಕಾಕಾ ಜ್ವರ ಬಂದು ಮಲಗಿದ್ದರು, ನಾನೊಬ್ಬನೇ ಹೋಗಿದ್ದೆ. ಪ್ರಶ್ನೆ ಕೇಳಿದೆ. "ನಿದ್ದಿಗೆಟ್ಟಿದ್ದಾ? ನೀ ಹಲ್ಲಿನ ಕೆಲಸಾ ಮಾಡಾಂವೋ, ಸಿಐಡಿಯಂವೋ?" ಎಂದರು. "ಸ್ವಲ್ಪ ನಗಬೇಕ್ರಿ ಸಾಹೇಬ್ರ" ಎಂದೆ. ತುಟಿಯನ್ನು ಎರಡೂ ಕಡೆ ಎಳೆದು ತೋರಿಸಿದರು. ಮೇಲಧಿಕಾರಿಯ ಮುಂದೆ ಅವರು ಹಾಗೇ ನಗುತ್ತಿದ್ದಿರಬೇಕು. ಅಂಜಿ, ಅಲ್ಲಿಗೇ ಗೆರೆ ಎಳೆದುಬಿಟ್ಟೆ. ಸೆಟ್ ಆಯಿತು, ಹಾಕಿಕೊಂಡರು, ಚೆನ್ನಾಗಿಯೇ ಕಂಡಿತು. ಮರುವಾರ ಅವರ ಬಾಯಲ್ಲಿ ಸೆಟ್ ನೋಡಿ ಕಾಕಾ ನನಗೆ, "ಇದು ನಗು ಅಲ್ಲೋ, ಸಲಾಮು" ಎಂದರು.

ಮುಪ್ಪು ಬಂತೆಂದರೆ ಸುಖ ಬಂತು ಎಂದು ನಾನು ಆಗ ಲೆಕ್ಕ ಹಾಕಿಬಿಟ್ಟಿದ್ದೆ. ಆ ಲೆಕ್ಕ ತಪ್ಪಿಸಿದವರು ಕಿತ್ತೂರಿನ ಒಬ್ಬ ಹಿರಿಯರು. ಎಪ್ಪತ್ತು ದಾಟಿದವರು. ಪ್ರಶ್ನೆ ಕೇಳಿದ ಕೂಡಲೇ ಅವರ ಕಣ್ಣು ತುಂಬಿ ಬಂತು. ಒಬ್ಬ ಮಗಳಿದ್ದಳಂತೆ. ಅಷ್ಟೇ ಹೇಳಿದರು. ಕಾಕಾ ಚಾಕು ಕೆಳಗಿಟ್ಟು ಅವರ ಭುಜದ ಮೇಲೆ ಕೈಯಿಟ್ಟರು. ಆ ಸಲ ಗೆರೆಯನ್ನು ಬರೀ ಅಳತೆಯ ಮೇಲೆ ಎಳೆದೆವು.

ಇನ್ನೊಂದು ಸಂಗತಿಯೂ ಇದೆ. ಒಂದು ಹಳ್ಳಿಯ ಗೌಡರ ಮನೆಗೆ ಸೆಟ್ ಕೂಡಿಸಿ ಬರಲು ಹೋಗಿದ್ದೆವು. ಗೌಡರು ಬಾಯಿ ಅಗಲಿಸಿ ಕೂತರು, ಕಾಕಾನ ಬೆರಳು ಅವರ ಗಂಟಲ ತನಕ ಹೋಗಿ ಬಂತು. ಕೆಲಸ ಮುಗಿದ ಮೇಲೆ ಚಹಾ ಬಂತು. ನನಗೆ ಪಿಂಗಾಣಿ ಕಪ್ಪು ಬಸಿ, ಕಾಕಾನಿಗೆ ಅಂಗಳದ ಗೂಡಿನಲ್ಲಿ ಬೋರಲು ಹಾಕಿಟ್ಟಿದ್ದ ಒಂದು ಮುಕ್ಕಾದ ಗ್ಲಾಸು. ಕುಡಿದು ಅವರೇ ತೊಳೆದಿಟ್ಟರು. ಬಸ್ಸಿಗೆ ಬರುವ ದಾರಿಯಲ್ಲಿ ಕೇಳಿದೆ: "ಕಾಕಾ, ಎಲ್ಲಾರನ್ನೂ ಕೇಳತೀರಿ. ನಿಮಗ ನಿದ್ದಿ ಕೆಡಿಸಿದ್ದು ಯಾವುದು?" ಟ್ರಂಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು ಅವರು ಹೇಳಿದರು: "ಈಗ ನೋಡಿದೆಲ್ಲಾ, ಅದ. ಅದಕ್ಕ ಇನ್ನಾ ವಯಸ್ಸಾಗಿಲ್ಲಪಾ ವಾಸು. ನನಗ ಒಬ್ಬವಗ ಆಗೇತಿ." ಸ್ವಲ್ಪ ದೂರ ನಡೆದ ಮೇಲೆ, "ಆದ್ರೂ ಮೊದಲಿನಷ್ಟು ಎದಿ ಉರಿಯೂದಿಲ್ಲ. ಸಿಟ್ಟು ಹೋಗಿಲ್ಲ, ಉರಿ ಹೋಗೇತಿ. ಉರಿ ಹೋದ್ರ ಕಣ್ಣು ಚಲೋ ಕಾಣತಾವ" ಎಂದರು. ನನಗೆ ಆಗ ಆ ಎರಡರ ನಡುವಿನ ಅಂತರ ತಿಳಿಯಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಸವದತ್ತಿಯ ಪಾಟೀಲರು ಬೈಲಹೊಂಗಲದ ಅಂಗಡಿಗೇ ಹುಡುಕಿಕೊಂಡು ಬಂದರು. ರಿಟೈರ್ ಆಗಿದ್ದರು. ಮೊದಲು ಗುರುತೇ ಸಿಗಲಿಲ್ಲ. ಮೆಟ್ಟಿಲು ಹತ್ತುವಾಗಲೇ ಕೆಳಗಿನ ಅರಳೆ ವ್ಯಾಪಾರಿಯ ಕೂಡ ಏನೋ ಹರಟುತ್ತ ಬಂದರು. "ಹಲ್ಲು ಕೆಟ್ಟಾವೇನ್ರಿ ಸಾಹೇಬ್ರ?" ಎಂದೆ. "ಹಲ್ಲು ಗಟ್ಟಿ ಅದಾವೋ. ಆದ್ರ ಈಗ ನಕ್ರ ಹಲ್ಲಿನ ಮ್ಯಾಲಿನ ಕೆಂಪೆಲ್ಲಾ ಕಾಣತೈತಿ. ನಮ್ಮ ಮೊಮ್ಮಗಳು ಅಂಜಿ ಅಳತಾಳ" ಎಂದು ನಕ್ಕು ತೋರಿಸಿಯೇ ಬಿಟ್ಟರು. ನಿಜ, ಕಾಣುತ್ತಿತ್ತು. ಹೊಸ ದಿಂಡು ಕೂಡಿಸಿ ಹೊಸ ಗೆರೆ ಎಳೆದು, ಹಳೆಯ ಸೆಟ್ಟಿನ ಪಕ್ಕ ಹಿಡಿದು ನೋಡಿದೆವು. ಒಂದು ಜೋಳದ ಕಾಳಿನಷ್ಟು ಗೆರೆ ಮೇಲೇರಿತ್ತು. ಅದೇ ತುಟಿ, ಅದೇ ಮನುಷ್ಯ.

"ಏನಾತ್ರಿ ಸಾಹೇಬ್ರ, ಲಾಟರಿ ಹತ್ತಿತೇನು?" ಎಂದು ಕಾಕಾ ಕೇಳಿದರು.

"ಏನೂ ಆಗಿಲ್ಲ. ಅದ ನೋಡ್ರಿ ಮಜಾ" ಎಂದರು ಪಾಟೀಲರು. "ನೌಕರ್ಯಾಗ ಇದ್ದಾಗ ದಿನಾ ಮುಂಜಾನೆದ್ದು ಇವತ್ತೇನಾಗತೈತೋ ಅಂತಿದ್ದೆ. ನಾ ಅಂಜಿದ್ದು ಒಂದೂ ಆಗಲಿಲ್ಲ. ನಾ ಅಂಜಲಾರದ್ದು ನಾಕು ಆದೂ, ಅವನ್ನೂ ದಾಟಿ ಬಂದೆ. ಇನ್ನ ಅಂಜಿ ಮಾಡೂದೇನೈತಿ?"

ಅವರು ಹೋದ ಮೇಲೆ ಕಾಕಾ ಹೊಸ ದಿಂಡನ್ನು ನನ್ನ ಕೈಗೆ ಕೊಟ್ಟು ಸುಮ್ಮನೆ ನಕ್ಕರು. ನಮ್ಮ ಕೆಲಸದಲ್ಲಿ ಸಂತೋಷಕ್ಕೆ ಅಳತೆ ಸಿಕ್ಕದ್ದು ಅದೊಂದೇ ಸಲ.

ಆ ಬೇಸಿಗೆಯಲ್ಲೇ ಅಪ್ಪ ಬಂದರು.

ಮೆಟ್ಟಿಲಲ್ಲಿ ಕೋಲಿನ ಸಪ್ಪಳ ಕೇಳಿ ತಲೆಯೆತ್ತಿದೆ. ಕೈಯಲ್ಲೊಂದು ಅರಿವೆಯ ಗಂಟು, ಹೆಗಲ ಮೇಲೆ ಶಲ್ಯ, ಕೆನ್ನೆಗಳು ಒಳಗೆ ಹೋಗಿದ್ದವು. ಬಾಯಲ್ಲಿ ಒಂದೂ ಹಲ್ಲಿಲ್ಲವೆಂಬುದು ನೋಡಿದರೇ ತಿಳಿಯುತ್ತಿತ್ತು.  ಎದ್ದು ಕುರ್ಚಿಯ ಧೂಳು ಒರೆಸಿದೆ. ಅವರು ನನ್ನನ್ನು ನೋಡಿದರು, ಆದರೆ ಮಾತಾಡಿದ್ದು ಕಾಕಾನ ಕೂಡ.

"ಕಾಂಬಳೆಯವರ, ನನಗೊಂದು ಸೆಟ್ ಬೇಕು. ನೀವೇ ಮಾಡ್ರಿ. ಅವ ಹೊರಗಿರಲಿ."

ಎಂಟು ವರ್ಷದ ನಂತರವೂ ಇದೇ ಮಾತೇ ಎಂದು ನನಗೆ ಚುಳ್ ಎಂದಿತು. ಕಾಕಾ ನನ್ನತ್ತ ನೋಡಿ, ಹೋಗು ಎಂದು ಕಣ್ಣಲ್ಲೇ ಹೇಳಿದರು. ಪರದೆಯ ಹೊರಗೆ, ಸ್ಪಿರಿಟ್ ದೀಪದ ಮುಂದೆ ಕೂತೆ. ಪರದೆ ಎಂದರೆ ಒಂದು ತೆಳ್ಳನೆಯ ಬಟ್ಟೆ. ಒಳಗಿನ ಉಸಿರು ಕೂಡ ಕೇಳುತ್ತಿತ್ತು.

"ಮಗಾ ಚಲೋ ಕೆಲಸಾ ಮಾಡತಾನ್ರಿ ಆಚಾರ್ರ, ನನಗಿಂತ ಚಲೋ ಮಾಡತಾನ" ಎಂದರು ಕಾಕಾ.

"ಮಾಡಲಿ. ಆದರ ಮಗನ ಮುಂದ ಬೊಚ್ಚು ಬಾಯಿ ತಗೀಲಿಕ್ಕೆ ನನಗ ನಾಚಿಕಿ ಆಗತದ" ಎಂದರು ಅಪ್ಪ. ಅವರು ನಾಚುತ್ತಾರೆ ಎಂಬುದೇ ನನಗೆ ಹೊಸದು.

ಅಚ್ಚು ಆಯಿತು. ಮಧ್ಯಾಹ್ನದ ಹೊತ್ತಿಗೆ ಮೇಣದ ದಿಂಡು ಸಿದ್ಧವಾಯಿತು. ಮತ್ತೆ ಅಪ್ಪ ಕುರ್ಚಿಯಲ್ಲಿ, ನಾನು ಹೊರಗೆ. ಕಾಕಾನ ಪ್ರಶ್ನೆ ಬಂತು.

"ಚಿಂತಿ?" ಎಂದರು ಅಪ್ಪ, ಮೇಣದ ಹಿಂದಿನಿಂದ ತೊದಲುತ್ತ. "ಚಿಂತಿ ಇವಂದೇ. ಭಟ್ಟರ ಮಗ ಮಂದಿ ಎಂಜಲ ತೊಳೀತಾನ, ಇನ್ನ ನಮ್ಮನ್ನ ಯಾರು ಪೂಜಿಗೆ ಕರೀತಾರ ಅಂತ. ವರ್ಷಾನಗಟ್ಟಲೆ ಸರಿಯಾಗಿ ನಿದ್ದಿ ಮಾಡಿಲ್ಲ ನೋಡ್ರಿ. ಮೊದಲ ಆ ಮಾತು ಅಂದವರು ಯಾರು, ಗೊತ್ತದ ಏನು? ನಮ್ಮೂರ ಕುಲಕರ್ಣಿ ಸ್ವಾಮಿರಾಯರು. ಗುಡಿ ಕಟ್ಟಿ ಮ್ಯಾಲೆ ಕೂತು ಎಲ್ಲಾರ ಮುಂದ ಅಂದರು."

"ಹೌದೇನ್ರಿ?"

"ಹೋದ ಮಳಿಗಾಲದಾಗ ಪುರಾಣ ಹೇಳಲಿಕ್ಕೆ ಹತ್ತಿದ್ದೆ. ಎದುರಿಗೇ ರಾಯರು. ಏನೋ ಕಥಿಗೆ ಬಾಯಿ ತಗದು ನಕ್ಕರು. ನೋಡ್ತೀನಿ, ಬಾಯಿ ತುಂಬ ಹಲ್ಲು! ಇಬ್ಬರದೂ ಒಂದೇ ವಯಸ್ಸು, ನನ್ನ ಬಾಯಾಗ ಒಂದೂ ಇಲ್ಲ. ಪುರಾಣ ಮುಗದಮ್ಯಾಲೆ ಕೇಳಿದೆ, ರಾಯರ, ಎಲ್ಲಿ ಕಟ್ಟಿಸಿದ್ರಿ ಅಂತ. ಅತ್ತಾಗ ನೋಡಿದರು, ಇತ್ತಾಗ ನೋಡಿದರು. ಕಿವ್ಯಾಗ ಹೇಳಿದರು..."

ಅಲ್ಲಿಗೆ ಅಪ್ಪನ ಮಾತು ನಿಂತಿತು. ಉಸಿರು ಸಿಕ್ಕಿಕೊಂಡಂತೆ ಒಂದು ಸದ್ದು. ಏನಾಯಿತೋ ಎಂದು ಗಾಬರಿಯಿಂದ ಎದ್ದು ನಿಂತೆ.

"ನಿಮ್ಮ ವಾಸೂನ ಕಟ್ಟ್ಯಾನ್ರೀ ಭಟ್ಟರ, ಯಾರ ಮುಂದೂ ಅನಬ್ಯಾಡ್ರಿ, ಅಂದರು!"

ನಗು ಸಿಡಿಯಿತು. "ಅಲ್ಲ ಕಾಂಬಳೆಯವರ, ನಮ್ಮ ಮಗ ತೊಳದ ಎಂಜಲ ಯಾರದು ಹಂಗಾರ? ಆಡಿಕೊಂಡವರದೇ!" ಎಂದು ಮತ್ತೆ ನಗು. ರಾಯರು ಟವೆಲ್ ಸುತ್ತಿಕೊಂಡು ಬಂದ ಕಥೆ ಹೇಳಿ ಕಾಕಾನೂ ನಗುತ್ತಿದ್ದರು. "ಹಂಗ ಇರ್ರಿ ಆಚಾರ್ರ, ಹಂಗ ಇರ್ರಿ, ಅಲುಗಾಡಬ್ಯಾಡ್ರಿ" ಎನ್ನುತ್ತಿದ್ದರು. ಕುರ್ಚಿಯ ಹಳೆಯ ಸ್ಪ್ರಿಂಗು ಕಿರ್ ಕಿರ್ ಎನ್ನುತ್ತಿತ್ತು.

ಸ್ವಾಮಿರಾಯರು ಗುರುತು ಸಿಗಬಾರದೆಂದು ರಾಮದುರ್ಗದ ಸಂತೆಯಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಬಂದದ್ದು ನನಗೆ ಚೆನ್ನಾಗಿ ನೆನಪಿತ್ತು. ಅವರ ಸೆಟ್ ಮಾಡಿದವನು ನಾನೇ. ಪರದೆ ಸರಿಸಬೇಕೆಂದು ಕೈ ಮುಂದೆ ಹೋಯಿತು. ಸರಿಸಿದರೆ ನಗು ನಿಂತುಹೋಗುತ್ತದೆಂದು ತಿಳಿದಿತ್ತು. ಕೈ ಹಿಂದೆ ತೆಗೆದುಕೊಂಡೆ. ಅಪ್ಪನ ನಗುವನ್ನು ನಾನು ಕೇಳಿದ್ದು ಹಾಗೆ. ನೋಡಲಿಲ್ಲ.

ಕಾಕಾ ಕರೆದ ಮೇಲೆ ಒಳಗೆ ಹೋದೆ. ಅಪ್ಪ ಶಲ್ಯದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಬಾಯಿ ಮುಚ್ಚಿದರು. ಗಂಟಲು ಸರಿಮಾಡಿಕೊಂಡು, "ಊಟ ಆತೇನು?" ಎಂದರು. ನನಗೆ. ನೇರವಾಗಿ.

"ಇಲ್ಲ" ಎಂದೆ.

ಒಳಗಿನ ಕೋಣೆಯಲ್ಲಿ, ಪ್ಲಾಸ್ಟರ್ ಚೀಲಗಳ ನಡುವೆ, ಚಾಪೆ ಹಾಸಿ ಕೂತೆವು. ಅಪ್ಪ ಗಂಟು ಬಿಚ್ಚಿದರು. ತಮಗೆ ನೆನೆಸಿದ ಅವಲಕ್ಕಿ, ನನಗೆ ಅವ್ವ ಮಾಡಿದ ಚಪಾತಿ, ಬದನೆಕಾಯಿಯ ಎಣ್ಣೆಗಾಯಿ. ತಮ್ಮ ಕೈಯಿಂದಲೇ ನನಗೆ ಬಡಿಸಿದರು. ಎಂಟು ವರ್ಷ ಪಡಸಾಲೆಯಲ್ಲಿ ಉಂಡವನ ಎದುರಿಗೆ ಮೊಳಕಾಲಿಗೆ ಮೊಳಕಾಲು ತಾಗುವಷ್ಟು ಹತ್ತಿರ ಕೂತಿದ್ದರು. ಉಣ್ಣುತ್ತ ಉಣ್ಣುತ್ತ ಮತ್ತೆ ನೆನಪಾಗಿ, "ಟವೆಲ್ ಸುತಗೊಂಡು ಬಂದಿದ್ದರಂತಲ್ಲೋ ರಾಯರು?" ಎಂದು ನನ್ನ ಮುಖ ನೋಡಿದರು. ತುಟಿ ಬಿಗಿ ಹಿಡಿದಿದ್ದರು, ಕಣ್ಣು ಮಾತ್ರ ಕುಣಿಯುತ್ತಿದ್ದವು. ನಾನೂ ನಗಲಿ ಎಂದು ಕಾಯುತ್ತಿದ್ದರು.

ನನಗೆ ನಗು ಬರಲಿಲ್ಲ. ನನಗೆ ಮೂವತ್ತು ವರ್ಷ. ಅವರು ನಕ್ಕು ಹಗುರಾಗಿ ಬಿಟ್ಟಿದ್ದ ಮಾತು ನನಗೆ ಇನ್ನೂ ಹಗುರಾಗಿರಲಿಲ್ಲ. ಇದು ನಗುವ ಮಾತಾಗಿದ್ದರೆ ನನ್ನನ್ನೇಕೆ ಅಷ್ಟು ವರ್ಷ ಹೊರಗೆ ಕೂಡಿಸಿದಿರಿ ಎಂದು ಕೇಳಬೇಕೆನಿಸಿತು. ಆದರೆ "ಹೌದ್ರಿ ಅಪ್ಪಾ" ಎಂದು ತಲೆ ಬಗ್ಗಿಸಿ ಚಪಾತಿ ಮುರಿದೆ. ಅವರು ಇನ್ನೊಂದು ಹೋಳು ಬದನೆಕಾಯಿ ನನ್ನ ತಾಟಿಗೆ ಹಾಕಿದರು.

ಅಪ್ಪನ ಹಲ್ಲುಗಳನ್ನು ಜೋಡಿಸಿದವನು ನಾನೇ. ಕಾಕಾ ಎಳೆದ ಗೆರೆ ನಾನು ಎಣಿಸಿದ್ದಕ್ಕಿಂತ ಬಹಳ ಮೇಲಿತ್ತು. ಅಷ್ಟು ಎತ್ತರದ ಗೆರೆಗೆ ಉದ್ದನೆಯ ಹಲ್ಲು ಬೇಕಾಯಿತು, ಬೆಳಗಾವಿಯಿಂದ ತರಿಸಿದೆ. ಆ ಹಲ್ಲು ಹಾಕಿಕೊಂಡು ಅವರು ನಾಲ್ಕೈದು ವರ್ಷ ಪುರಾಣ ಹೇಳಿದರು. ಊರಿಗೆ ಹೋದರೆ ನನ್ನ ಎಲೆ ಅವರ ಪಕ್ಕದಲ್ಲಿರುತ್ತಿತ್ತು. ಮಾತು ಕತೆ ಎಲ್ಲ ಇತ್ತು. ಆದರೆ ಎಂಜಲಿನ ಆ ಮಾತನ್ನು ಅವರು ನನ್ನೆದುರು ಮತ್ತೆ ಎತ್ತಲಿಲ್ಲ. ನಾನಾಗಿ ಎತ್ತಲು ನನ್ನಲ್ಲಿ ಇನ್ನೂ ಉರಿ ಇತ್ತು. ಹಾಗೇ ಹೋಗಿಬಿಟ್ಟರು. ಕೆಲವು ವರ್ಷಗಳ ಮೇಲೆ ಕಾಕಾನೂ ಹೋದರು.

ವಯಸ್ಸಾದವರಿಗೆ ಸಂತೋಷ ಹೆಚ್ಚು ಯಾಕೆ ಎಂದು ಯಾರಾದರೂ ಕೇಳಿದರೆ ನನಗೆ ತಿಳಿದದ್ದು ಇಷ್ಟೇ. ಚಿಂತೆಗಳು ನಮಗಿಂತ ಮೊದಲು ಮುಪ್ಪಾಗುತ್ತವೆ. ಎಲ್ಲವೂ ಅಲ್ಲ, ಬಹಳಷ್ಟು. ಅವು ಮುಪ್ಪಾಗುವವರೆಗೆ ನಾವು ಇದ್ದರೆ ನಗು ಸಿಗುತ್ತದೆ. ಕಷ್ಟವೇನೆಂದರೆ ಒಂದೇ ಚಿಂತೆಯನ್ನು ಹೊತ್ತ ಇಬ್ಬರಿಗೆ ಅದು ಒಂದೇ ಹೊತ್ತಿಗೆ ಮುಪ್ಪಾಗುವುದಿಲ್ಲ. ಈ ಕೆಲಸಕ್ಕೆ ಬರುವ ಮಕ್ಕಳೇ, ನಿಮ್ಮ ಕುರ್ಚಿಯಲ್ಲಿ ಕೂತ ಮುದುಕರು ನಕ್ಕರೆ ಗೆರೆ ಎಳೆಯಿರಿ. ಜೊತೆಗೆ ಬಂದ ಅವರ ಮಗನೋ ಮಗಳೋ ನಗದೆ ನಿಂತಿದ್ದರೆ ಅವರನ್ನೂ ಒಂದು ಸ್ಟೂಲು ಹಾಕಿ ಕೂಡಿಸಿ. ಅವರು ಇನ್ನೂ ದಾರಿಯಲ್ಲಿದ್ದಾರೆ.

ನನಗೆ ಈಗ ಎಪ್ಪತ್ತೈದರ ಮೇಲಾಗಿದೆ, ಬಾಯಲ್ಲಿ ಕಟ್ಟಿಸಿದ ಹಲ್ಲು. ಮೊನ್ನೆ ಮುಂಜಾನೆ ಬಚ್ಚಲಲ್ಲಿ ನಿಂತು, ಸೆಟ್ ಬಿಚ್ಚಿ ಅಂಗೈಯಲ್ಲಿ ಹಿಡಿದು ನಳದ ಕೆಳಗೆ ತೊಳೆಯುತ್ತಿದ್ದೆ. ಅಂಗಡಿಯ ಬಾಗಿಲಲ್ಲಿ ನಿಂತ ಅಪ್ಪನ ಮುಖ ಕಣ್ಣ ಮುಂದೆ ಬಂತು. ಅವರ ಹಿಂದೆಯೇ, ಟವೆಲ್ ಸುತ್ತಿಕೊಂಡ ಸ್ವಾಮಿರಾಯರು. ಎಲ್ಲಿತ್ತೋ, ನಗು ಬಂದುಬಿಟ್ಟಿತು. ಗೋಡೆ ಹಿಡಿದುಕೊಂಡು ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಏನಾಯಿತೋ ಎಂದು ಹೆಂಡತಿ ಓಡಿ ಬಂದಳು. ಏನೆಂದು ಹೇಳಲಿ ಅವಳಿಗೆ? ಆ ಮಾತಿಗೆ ನನ್ನ ಜೊತೆ ಕೂತು ನಗಬೇಕಾದವರು ಒಬ್ಬರೇ.

ಈಗ ಬರ್ರಿ ಅಪ್ಪಾ. ಈಗ ನನಗೂ ನಗು ಬರಲಿಕ್ಕೆ ಹತ್ತೇದ.